ಕಾರ್ಖಾನೆಯ ತಪಾಸಣೆ, ಕಣದ ಒಕ್ಕಣೆ ಯಂತ್ರ

ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರದ ಕಡೆಯ ಎಷ್ಟೋ ರೈತ ಕುಟುಂಬಗಳಿಂದ ಒಬ್ಬರಾದರೂ ಪೀಣ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಸುಗ್ಗಿಯಲ್ಲಿ ಅದೇ ಕೈ ಒಕ್ಕಣೆ ಯಂತ್ರಕ್ಕೆ ರಾಗಿ ತೆನೆ ಉಣಿಸುತ್ತದೆ. ಆದ್ದರಿಂದ ಕಾರ್ಖಾನೆಗಳ ತಪಾಸಣೆಯ ವಿಷಯವನ್ನು ರೈತರೂ ತಿಳಿದಿರುವುದು ಅಗತ್ಯ.

ಪೀಣ್ಯದ ಸಣ್ಣ ಘಟಕಗಳಲ್ಲಿ ತಗಡಿಗೆ ತೂತು ಹೊಡೆಯುವ, ಆಕಾರ ಕೊಡುವ ಪವರ್ ಪ್ರೆಸ್ಸುಗಳು ಸಾಮಾನ್ಯ. ಅಚ್ಚಿನೊಳಗೆ ಕೈ ಹೋಗದಂತೆ ಜಾಲರಿ ಇರಬೇಕು. ಇಲ್ಲವೇ ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುವಂತಿರಬೇಕು. ಕೆಲಸ ನಿಧಾನವಾಗುತ್ತದೆಂದು ಜಾಲರಿಯನ್ನು ಕಳಚುವುದುಂಟು. ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ನಡೆಸುವುದೂ ಉಂಟು. ಬೆರಳುಗಳು ತುಂಡಾಗುವುದು ಆಗಲೇ.

ತಪಾಸಣೆಯಿಂದ ಇದು ತಪ್ಪುವುದೇ? ಇನ್‌ಸ್ಪೆಕ್ಟರು ಬಂದರೆ ಕಾಗದಪತ್ರ ನೋಡಿ ಹೋಗುತ್ತಾರೆ, ಅಷ್ಟೇ ಎನ್ನುವವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯೇ ಹೇಳುತ್ತದೆ. ಚೀಟಿ ಎತ್ತಿದಂತೆ ಆರಿಸಿ ತಪಾಸಣೆ ಮಾಡಿದ ಉದ್ಯಮಗಳಲ್ಲಿ, ತಪಾಸಣೆಯಾಗದ ಅಂಥವೇ ಉದ್ಯಮಗಳಿಗಿಂತ ಗಾಯಗಳು ಶೇ. 9.4ರಷ್ಟೂ ಗಾಯದ ವೆಚ್ಚ ಶೇ. 26ರಷ್ಟೂ ಕಡಿಮೆಯಾದವು. ಉದ್ಯೋಗ ಕುಗ್ಗಿದ್ದು ಕಂಡುಬರಲಿಲ್ಲ. ನಮ್ಮ ಪ್ರಯೋಗ ತಾಕುಗಳಲ್ಲಿ ಗೊಬ್ಬರದ ಉಪಚಾರಗಳನ್ನು ಹಂಚುವ ಕ್ರಮವೂ ಇದೇ. ಆದ್ದರಿಂದ ಈ ಅಂಕಿಗಳನ್ನು ನಂಬಬಹುದು. ಆದರೆ ತಪಾಸಣೆಯ ದಿನ ಮೊದಲೇ ಗೊತ್ತಾದರೆ ಜಾಲರಿ ಅಂದು ಬೆಳಿಗ್ಗೆ ಕೂರುತ್ತದೆ, ಸಂಜೆಗೆ ಮತ್ತೆ ಕಳಚುತ್ತದೆ.

ಇನ್ನೊಂದು ತೊಡಕು ಕಾನೂನಿನ ವ್ಯಾಪ್ತಿಯದು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸಿ 10 ಜನ ದುಡಿಯುವ ಘಟಕ ಕಾರ್ಖಾನೆಯಾಗುತ್ತಿತ್ತು. 2020ರ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. 12 ಜನರ ಶೆಡ್ಡು ಈ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ; ಯಂತ್ರವೇನೋ ಅದೇ. ಈ ಬದಲಾವಣೆ ಸರಿಯೆಂದು ನನಗೆ ತೋರುವುದಿಲ್ಲ.

ಮಕ್ಕಳಿಗೆ ಒಂದು ಮಾತು ತಿಳಿಸಿರಿ. ಗಾಯವಾದರೆ, ಎಷ್ಟೇ ಸಣ್ಣದಿರಲಿ, ಅಪಘಾತದ ಪುಸ್ತಕದಲ್ಲಿ ಬರೆಸಬೇಕು. ಇ.ಎಸ್.ಐ. ಇದ್ದರೆ ಅಲ್ಲಿಗೂ ತಿಳಿಸಬೇಕು. ಸದ್ದಿಲ್ಲದೆ ಕಟ್ಟು ಹಾಕಿಸಿಕೊಂಡು ಊರಿಗೆ ಬಂದರೆ ಪರಿಹಾರವೂ ಕಷ್ಟ, ಆ ಯಂತ್ರದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ಇನ್ನು ನಮ್ಮ ಕಣಕ್ಕೆ ಇನ್‌ಸ್ಪೆಕ್ಟರು ಬರುವುದು ಅಪರೂಪ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವುದು ಹೆಚ್ಚಿದ್ದರಿಂದ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆಯನ್ನು ತಂದು, ತಯಾರಕರ ಮೇಲೆ ಹೊಣೆ ಹೊರಿಸಿತು. ಭಾರತೀಯ ಮಾನಕ 9020ರ ಪ್ರಕಾರ ಪೈರು ಉಣಿಸುವ ತಗಡಿನ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿರಬೇಕು, ಅದರಲ್ಲಿ 45 ಸೆಂ.ಮೀ. ಮೇಲ್ಮುಚ್ಚಿರಬೇಕು. ಆಗ ಕೈ ಉರುಳೆಯನ್ನು ಮುಟ್ಟದು. ಬಾಡಿಗೆ ಯಂತ್ರ ಬಂದಾಗ, ಅದನ್ನು ಚಾಲೂ ಮಾಡುವ ಮೊದಲು, ಟೇಪು ಹಿಡಿದು ಅಳೆಯಿರಿ. ಕಡಿಮೆಯಿದ್ದರೆ ಹಿಂದಕ್ಕೆ ಕಳುಹಿಸಿರಿ.