ಕೇಳಿಸದ ಶಬ್ದದಿಂದ ಮರೆತ ನೆನಪು ಬರುತ್ತದೆಯೇ?



ಹೋದ ತಿಂಗಳು ಬೆಳಗಿನ ಪ್ರಾರ್ಥನೆಯಲ್ಲಿ ಪೇಪರ್ ಓದುವಾಗ ಒಂದು ಸುದ್ದಿ ಬಂತು. ತಲೆಗೆ ಶಬ್ದದ ಅಲೆ ಬಿಟ್ಟು ನೆನಪಿನ ಶಕ್ತಿ ಹೆಚ್ಚಿಸಲು ವಿಜ್ಞಾನಿಗಳು ಪ್ರಯತ್ನ ಮಾಡುತ್ತಿದ್ದಾರೆ ಎಂದು ಅದರಲ್ಲಿತ್ತು. ತರಗತಿಗೆ ಬಂದ ಮೇಲೆ ಹುಡುಗರೆಲ್ಲ, "ಅಂಥಾದ್ದೊಂದು ಮೆಷಿನ್ ನಮ್ಮ ಸ್ಕೂಲಿಗೂ ತರಿಸಿದ್ರೆ ಮಗ್ಗಿ ಬಾಯಿಪಾಠ ಮಾಡೋದೇ ಬೇಡ" ಅಂತ ನಕ್ಕರು. ನಾನೂ ನಕ್ಕೆ. ಆದರೆ ನನಗೆ ನೆನಪಾಗಿದ್ದು ನಮ್ಮ ಅಜ್ಜಿ.

ನಮ್ಮ ಅಜ್ಜಿ ಈಗ ನನ್ನನ್ನು ನಮ್ಮ ಅತ್ತೆಯ ಹೆಸರಿನಿಂದ ಕರೆಯುತ್ತಾರೆ. ಊಟ ಮಾಡಿ ಕೈ ತೊಳೆದು ಬಂದು, "ನಂಗೆ ಊಟ ಯಾರೂ ಕೊಡ್ಲಿಲ್ಲ" ಅನ್ನುತ್ತಾರೆ. ನೋಡಿದವರು, "ಅರವತ್ತಕ್ಕೆ ಅರಳು ಮರಳು, ಬಿಡಿ" ಅಂತ ಹೇಳಿ ಹೋಗುತ್ತಾರೆ. ಆ ಶಬ್ದದ ಮೆಷಿನ್ ನಿಜವಾಗಿದ್ದರೆ ನಮ್ಮ ಅಜ್ಜಿಗೆ ಉಪಯೋಗವಾಗುತ್ತದೆಯೇ ಎಂದು ವಿಜ್ಞಾನ ಮೇಷ್ಟ್ರನ್ನು ಕೇಳಿದೆ. ಅವರು, "ನೀನೇ ಓದಿ ತಿಳ್ಕೊಂಡು ಗೋಡೆ ಪತ್ರಿಕೆಗೆ ಬರಿ" ಎಂದು ಪುಸ್ತಕ ಕೊಟ್ಟರು. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೇಳಿಸದ ಶಬ್ದ ಎಂದರೇನು?

ಶಬ್ದ ಎಂದರೆ ಕಂಪನ. ತಮಟೆ ಬಡಿದಾಗ ಅದರ ಚರ್ಮ ನಡುಗುತ್ತದೆ, ಆ ನಡುಕ ಗಾಳಿಯಲ್ಲಿ ಅಲೆಯಾಗಿ ಬಂದು ನಮ್ಮ ಕಿವಿಗೆ ತಾಕುತ್ತದೆ. ಒಂದು ಸೆಕೆಂಡಿಗೆ 20ರಿಂದ 20,000 ಸಲ ನಡುಗುವ ಶಬ್ದ ಮಾತ್ರ ಮನುಷ್ಯರಿಗೆ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚು ಸಲ ನಡುಗಿದರೆ ಅದು ಶ್ರವಣಾತೀತ ಶಬ್ದ. ಇಂಗ್ಲಿಷಿನಲ್ಲಿ ಅಲ್ಟ್ರಾಸೌಂಡ್ ಎನ್ನುತ್ತಾರೆ. ಬಾವಲಿಗಳು ಇಂಥ ಶಬ್ದ ಮಾಡಿ, ಅದರ ಪ್ರತಿಧ್ವನಿ ಕೇಳಿಕೊಂಡು ಕತ್ತಲಲ್ಲಿ ಹುಳ ಹಿಡಿಯುತ್ತವೆ.

1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರೆ ಕ್ಯೂರಿ ಎಂಬ ಅಣ್ಣತಮ್ಮಂದಿರು ಒಂದು ವಿಚಿತ್ರ ಕಂಡುಹಿಡಿದರು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಇದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ನಡುಗುತ್ತದೆ ಎಂಬುದೂ ಆಮೇಲೆ ಗೊತ್ತಾಯಿತು. ಹೀಗೆ ನಡುಗುವ ಹರಳಿನಿಂದಲೇ ಶ್ರವಣಾತೀತ ಶಬ್ದ ಮಾಡುತ್ತಾರೆ. 1958ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಡಾಕ್ಟರು ಮತ್ತು ಅವರ ಜೊತೆಯವರು, ಇಂಥ ಶಬ್ದದಿಂದ ಹೊಟ್ಟೆಯೊಳಗಿನ ಮಗುವಿನ ಚಿತ್ರ ತೆಗೆಯಬಹುದು ಎಂದು ತೋರಿಸಿದರು. ಈಗ ಬಸುರಿ ಹೆಂಗಸರು ಪೇಟೆಗೆ ಹೋಗಿ ಮಾಡಿಸಿಕೊಂಡು ಬರುವ ಸ್ಕ್ಯಾನಿಂಗ್ ಇದೇ.

ನೆನಪು ಎಲ್ಲಿ ಇರುತ್ತದೆ?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಹಿಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ನೋಡಲು ಕಡಲಕುದುರೆಯ ಹಾಗೆ ಬಾಗಿರುವುದರಿಂದ ಆ ಹೆಸರು.

ಅದರ ಕೆಲಸ ಏನೆಂದು ಸರಿಯಾಗಿ ಗೊತ್ತಾಗಿದ್ದು ಒಬ್ಬ ಮನುಷ್ಯನ ಕಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಮೂರ್ಛೆರೋಗ ಬಹಳವಾಗಿತ್ತು. 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ಆಪರೇಷನ್ ಮಾಡಿ ಎರಡೂ ಕಡೆಯ ಹಿಪೊಕ್ಯಾಂಪಸ್ಸಿನ ಬಹುಭಾಗ ತೆಗೆದುಬಿಟ್ಟರು. ಮೂರ್ಛೆ ಕಡಿಮೆಯಾಯಿತು. ಆದರೆ ಆವತ್ತಿನಿಂದ ಅವರ ಮನಸ್ಸಿನಲ್ಲಿ ಹೊಸ ನೆನಪು ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಎಷ್ಟೋ ವರ್ಷ ಅವರನ್ನು ಪರೀಕ್ಷೆ ಮಾಡಿದರು. ಪ್ರತಿ ಸಲ ಹೋದಾಗಲೂ ಅವರು ಮಿಲ್ನರ್ ಅವರನ್ನು ಹೊಸಬರಂತೆ ನೋಡುತ್ತಿದ್ದರು.

ಇನ್ನೊಂದು ಆಶ್ಚರ್ಯ ಕೇಳಿ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರ ಬರೆಯುವುದನ್ನು ಅವರಿಗೆ ಕೊಟ್ಟರು. ನೀವೂ ಮಾಡಿ ನೋಡಿ, ಕೈ ಎಲ್ಲೆಲ್ಲೋ ಹೋಗುತ್ತದೆ. ಮೊಲೈಸನ್ ದಿನದಿಂದ ದಿನಕ್ಕೆ ಚೆನ್ನಾಗಿ ಬರೆಯತೊಡಗಿದರು. ಆದರೆ ಹಿಂದಿನ ದಿನ ಬರೆದಿದ್ದೇ ಅವರಿಗೆ ನೆನಪಿರುತ್ತಿರಲಿಲ್ಲ! ಅಂದ್ರೆ ಕೈಯ ಕಲಿಕೆ ಬೇರೆ, ನಡೆದದ್ದರ ನೆನಪು ಬೇರೆ. ಅವರು 2008ರಲ್ಲಿ ತೀರಿಕೊಂಡರು.

ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮೊದಮೊದಲು ಹಾಳಾಗುವ ಜಾಗಗಳಲ್ಲಿ ಈ ಹಿಪೊಕ್ಯಾಂಪಸ್ ಕೂಡ ಒಂದು.

ತಲೆ ಕೊಯ್ಯದೆ ಒಳಗೆ ಹೋಗುವುದು ಹೇಗೆ?

ಹಿಪೊಕ್ಯಾಂಪಸ್ ಮೆದುಳಿನ ಮೇಲ್ಭಾಗದಲ್ಲಿ ಇಲ್ಲ, ಆಳದಲ್ಲಿದೆ. ತಲೆಬುರುಡೆಗೆ ತೂತು ಮಾಡಿ ತಂತಿ ಇಳಿಸಬಹುದು, ಆದರೆ ಅದು ದೊಡ್ಡ ಆಪರೇಷನ್. ಶ್ರವಣಾತೀತ ಶಬ್ದವಾದರೆ ಕೊಯ್ಯದೆಯೇ ಆಳಕ್ಕೆ ಹೋಗಬಲ್ಲದು.

ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವ ಆಟ ನಾವೆಲ್ಲ ಆಡಿದ್ದೇವೆ. ಕನ್ನಡಿಯ ಮೇಲೆ ಬಿದ್ದ ಬಿಸಿಲು ಸುಡುವುದಿಲ್ಲ. ಅದೆಲ್ಲ ಒಂದೇ ಚುಕ್ಕೆಯಲ್ಲಿ ಕೂಡಿದಾಗ ಕಾಗದ ಹೊತ್ತಿಕೊಳ್ಳುತ್ತದೆ. ಹಾಗೆಯೇ ಬಟ್ಟಲಿನ ಆಕಾರದ ಉಪಕರಣದಿಂದ ಶಬ್ದದ ಅಲೆಗಳನ್ನು ಬಿಟ್ಟರೆ, ದಾರಿಯಲ್ಲಿ ಅವು ದುರ್ಬಲವಾಗಿಯೇ ಇದ್ದು, ಒಳಗೆ ಕೆಲವೇ ಮಿಲಿಮೀಟರ್ ಅಗಲದ ಒಂದು ಜಾಗದಲ್ಲಿ ಕೂಡಿ ಬಲವಾಗುತ್ತವೆ.

ಆದರೆ ಮಧ್ಯದಲ್ಲಿ ತಲೆಬುರುಡೆ ಅಡ್ಡ ಇದೆ. ಮೂಳೆ ಶಬ್ದವನ್ನು ಹೀರುತ್ತದೆ, ಚದುರಿಸುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿನ ಶಬ್ದ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಸಲ ನಡುಗುತ್ತದೆ. ಅಂಥ ಶಬ್ದ ತಲೆಬುರುಡೆ ದಾಟುವುದು ಕಷ್ಟ. ಅದಕ್ಕೆ ಮೆದುಳಿಗೆ ಸುಮಾರು 5 ಲಕ್ಷ ಸಲ ನಡುಗುವ ಶಬ್ದ ಬಳಸುತ್ತಾರೆ.

ಶಬ್ದ ತಾಕಿದರೆ ನರಕೋಶಕ್ಕೆ ಏನಾಗುತ್ತದೆ? ಇದಕ್ಕೆ ಒಂದು ಪ್ರಯೋಗ ಮಾಡಿ. ಅಗಲ ಬಾಯಿಯ ಪಾತ್ರೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ದಾರ ಕಟ್ಟಿ. ಅದರ ಮೇಲೆ ಒಂದಷ್ಟು ರಾಗಿ ಕಾಳು ಉದುರಿಸಿ. ಪಾತ್ರೆಗೆ ತಗುಲದ ಹಾಗೆ ಹತ್ತಿರದಲ್ಲಿ ತಟ್ಟೆ ಹಿಡಿದು ಸೌಟಿನಿಂದ ಜೋರಾಗಿ ಬಡಿಯಿರಿ. ಕಾಳು ಕುಣಿಯುತ್ತವೆ. ಶಬ್ದಕ್ಕೆ ತಳ್ಳುವ ಶಕ್ತಿ ಇದೆ ಎಂದಾಯಿತು. ನರಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಅವುಗಳಲ್ಲಿ ಕೆಲವು ತಳ್ಳಿದರೆ ತೆರೆದುಕೊಳ್ಳುತ್ತವೆ. ಶಬ್ದದ ಅಲೆ ಇಂಥ ಬಾಗಿಲು ತೆರೆದು ನರಕೋಶವನ್ನು ಎಚ್ಚರಿಸುತ್ತದೆ ಎಂಬುದು ವಿಜ್ಞಾನಿಗಳ ಒಂದು ವಿವರಣೆ.

ಇದುವರೆಗೆ ಏನೇನು ಮಾಡಿದ್ದಾರೆ?

ಇದು ಈಗಿನ ಯೋಚನೆ ಅಲ್ಲ. 1958ರಲ್ಲೇ ಅಮೆರಿಕದ ವಿಲಿಯಂ ಫ್ರೈ ಎಂಬುವರು ಬೆಕ್ಕಿನ ಮೆದುಳಿನಲ್ಲಿ ದೃಷ್ಟಿಯ ದಾರಿಗೆ ಇಂಥ ಶಬ್ದ ಬಿಟ್ಟರು. ಬೆಳಕಿಗೆ ಬರುತ್ತಿದ್ದ ಪ್ರತಿಕ್ರಿಯೆ ಸ್ವಲ್ಪ ಹೊತ್ತು ಅಡಗಿ, ಆಮೇಲೆ ವಾಪಸ್ ಬಂತು. 2010ರಲ್ಲಿ ವಿಲಿಯಂ ಟೈಲರ್ ಮತ್ತು ಅವರ ಜೊತೆಯವರು ಇಲಿಗಳ ತಲೆಯ ಹೊರಗಿನಿಂದಲೇ ಶಬ್ದ ಬಿಟ್ಟು ಹಿಪೊಕ್ಯಾಂಪಸ್ಸಿನ ನರಕೋಶಗಳನ್ನೂ ಎಚ್ಚರಿಸಿದರು.

2015ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಬೇರೆ ದಾರಿ ಹಿಡಿದರು. ಅಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನೊಳಗೆ ಅಮೈಲಾಯ್ಡ್ ಎಂಬ ಕಸ ಸೇರಿಕೊಳ್ಳುತ್ತದೆ. ಅಲ್ಲಿನ ವಿಜ್ಞಾನಿಗಳು ಇಂಥ ಕಸ ತುಂಬಿದ ಇಲಿಗಳ ರಕ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಸೇರಿಸಿ, ಆಮೇಲೆ ತಲೆಗೆ ಶಬ್ದ ಬಿಟ್ಟರು. ಮೆದುಳಿನಲ್ಲೇ ಇರುವ ಕಸ ಗುಡಿಸುವ ಕೋಶಗಳು ಚುರುಕಾದವು. 100ಕ್ಕೆ 75 ಇಲಿಗಳಲ್ಲಿ ಕಸ ಕಡಿಮೆಯಾಯಿತು. ಹಳೆಯ ವಸ್ತು ಯಾವುದು, ಹೊಸದು ಯಾವುದು ಎಂದು ಗುರುತಿಸುವ ಪರೀಕ್ಷೆಯಲ್ಲೂ ಆ ಇಲಿಗಳು ಮೊದಲಿಗಿಂತ ಚೆನ್ನಾಗಿ ಮಾಡಿದವು.

ಮನುಷ್ಯರಲ್ಲೂ ಪ್ರಯೋಗ ನಡೆದಿದೆ. ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಅಲ್‌ಝೈಮರ್ ಇರುವ 35 ಜನರಿಗೆ ಶಬ್ದದ ಚಿಕಿತ್ಸೆ ಕೊಟ್ಟರು. ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಅವರ ಅಂಕ ಹೆಚ್ಚಾಗಿ, ಮೂರು ತಿಂಗಳವರೆಗೂ ಉಳಿಯಿತು ಎಂದು 2020ರಲ್ಲಿ ಪ್ರಕಟಿಸಿದರು.

ಇಷ್ಟು ಓದಿದಾಗ ನನಗೆ ಬಹಳ ಖುಷಿಯಾಯಿತು. ಅಪ್ಪನ ಹತ್ತಿರ ಓಡಿಹೋಗಿ ಹೇಳಬೇಕು ಅನ್ನಿಸಿತು. ಆದರೆ ಮೇಷ್ಟ್ರು, "ಮುಂದಿನದ್ದೂ ಓದಮ್ಮ" ಅಂದರು.

ಸ್ವಲ್ಪ ತಡೆಯಿರಿ!

ವಿಯೆನ್ನಾದ ಆ ಪ್ರಯೋಗದಲ್ಲಿ ಒಂದು ಕೊರತೆ ಇತ್ತು. ಸುಳ್ಳು ಚಿಕಿತ್ಸೆ ಕೊಟ್ಟ ಇನ್ನೊಂದು ಗುಂಪು ಇರಲಿಲ್ಲ. ಹೊಲದಲ್ಲಿ ಹೊಸ ಗೊಬ್ಬರ ಹಾಕಿದಾಗ, ಪಕ್ಕದ ಒಂದು ಮಡಿಗೆ ಹಾಕದೆ ಬಿಟ್ಟರೆ ತಾನೇ ಬೆಳೆ ಗೊಬ್ಬರದಿಂದ ಬಂತೋ ಮಳೆಯಿಂದ ಬಂತೋ ಗೊತ್ತಾಗುವುದು? ಹಾಗೆಯೇ ಇಲ್ಲಿ ಮೆಷಿನ್ ತಲೆಗಿಟ್ಟು ಶಬ್ದ ಬಿಡದೆ ಇರುವ ಗುಂಪೂ ಬೇಕು. ಯಾಕೆಂದರೆ ಡಾಕ್ಟರು ನೋಡಿಕೊಳ್ಳುತ್ತಿದ್ದಾರೆ ಎಂಬ ಧೈರ್ಯದಿಂದಲೇ ಕೆಲವರಿಗೆ ಉತ್ಸಾಹ ಬರಬಹುದು. ಒಂದೇ ಥರದ ಪರೀಕ್ಷೆ ಎರಡು ಮೂರು ಸಲ ಬರೆದರೆ ಅಂಕ ತಾನಾಗಿಯೂ ಹೆಚ್ಚಬಹುದು.

2018ರಲ್ಲಿ ಇನ್ನೊಂದು ಅನುಮಾನ ಬಂತು. ಈ ಶಬ್ದವನ್ನು ಬಿಟ್ಟು ಬಿಟ್ಟು ಕೊಡುವುದರಿಂದ ತಲೆಯೊಳಗೆ ಟಕ್ ಟಕ್ ಎಂಬ ಕೇಳಿಸುವ ಶಬ್ದವೂ ಹುಟ್ಟುತ್ತದೆ. ಇಲಿ ಮತ್ತು ಗಿನಿಯಿಲಿಗಳ ಕಿವಿ ಕೇಳದಂತೆ ಮಾಡಿದಾಗ ಮೆದುಳಿನ ಪ್ರತಿಕ್ರಿಯೆ ಹೋಯಿತು, ಇಲ್ಲವೇ ಬಹಳ ಕಡಿಮೆಯಾಯಿತು. ಅಂದ್ರೆ ಮೆದುಳನ್ನು ಎಚ್ಚರಿಸಿದ್ದು ಅಲೆ ಅಲ್ಲ, ಕಿವಿಗೆ ಬಿದ್ದ ಸದ್ದು! ಆದರೆ 2019ರಲ್ಲಿ ಹುಟ್ಟು ಕಿವುಡು ಇಲಿಗಳಲ್ಲೂ ಶಬ್ದಕ್ಕೆ ಕಾಲು ಅಲುಗಿದ್ದನ್ನು ಬೇರೆಯವರು ತೋರಿಸಿದರು. ಹೀಗೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ನೋಡುತ್ತಲೇ ಇದ್ದಾರೆ.

ಇಲಿಯ ತಲೆಬುರುಡೆ ತೀರ ತೆಳು, ನಮ್ಮದು ದಪ್ಪ ಎಂಬುದನ್ನೂ ಮರೆಯಬಾರದು. ಮತ್ತೆ ಶಬ್ದದ ಬಲ ಹೆಚ್ಚಾದರೆ ಅದು ಸುಡುತ್ತದೆ. ಕೈ ನಡುಗುವ ಒಂದು ಕಾಯಿಲೆಗೆ ಬಲವಾದ ಶಬ್ದದಿಂದ ಮೆದುಳಿನ ಒಂದು ಚುಕ್ಕೆಯನ್ನು ಬೇಕೆಂದೇ ಸುಡುವ ಚಿಕಿತ್ಸೆಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಆದ್ದರಿಂದ ಇದು ಆಟದ ಸಾಮಾನಲ್ಲ.

ಹಾಗಾದರೆ ಉತ್ತರ ಏನು?

ಮಗ್ಗಿ ಕಲಿಯಲು ಈ ಮೆಷಿನ್ ಬೇಡ. ಓದಿದ್ದನ್ನು ಪುಸ್ತಕ ಮುಚ್ಚಿ ಹೇಳಿಕೊಳ್ಳುವುದು ಮತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡುವುದು, ಇವೆರಡರಿಂದ ನೆನಪು ಗಟ್ಟಿಯಾಗುತ್ತದೆ. ಅದಕ್ಕೆ ದುಡ್ಡೂ ಬೇಡ.

ಮರೆವಿನ ಕಾಯಿಲೆಯವರಿಗೆ ಇದು ಒಂದು ದಿನ ಉಪಯೋಗಕ್ಕೆ ಬರಬಹುದು. ಆದರೆ ಇವತ್ತಿಗೆ ಇದು ಪ್ರಯೋಗ, ಸಾಬೀತಾದ ಔಷಧಿಯಲ್ಲ. ಯಾರಾದರೂ "ಶಬ್ದದಿಂದ ಗ್ಯಾರಂಟಿ ವಾಸಿ" ಎಂದು ದುಡ್ಡು ಕೇಳಿದರೆ ನಂಬಬೇಡಿ.

ಇನ್ನೊಂದು ಮುಖ್ಯ ವಿಷಯ. "ಅರಳು ಮರಳು" ಎಂದು ಸುಮ್ಮನೆ ಬಿಡಬಾರದು. ಬಿ12 ಎಂಬ ಜೀವಸತ್ವ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೂ ಮರೆವು ಬರುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ಔಷಧಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡುತ್ತಾರೆ. ಇದನ್ನು ಅಪ್ಪನಿಗೆ ಹೇಳಿದೆ. ರಾಗಿ ಕೊಯ್ಲು ಮುಗಿದ ಮೇಲೆ ಅಜ್ಜಿಯನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸೋಣ ಅಂದಿದ್ದಾರೆ.

ನಮ್ಮ ಅಜ್ಜಿಗೆ ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಆದರೆ ಮಲ್ಲಿಗೆ ಮೊಗ್ಗು ಮುಂದಿಟ್ಟರೆ ಇವತ್ತಿಗೂ ಒಂದು ಮೊಳ ಹೂವನ್ನು ನನಗಿಂತ ಬೇಗ ಕಟ್ಟುತ್ತಾರೆ. ಮೊಲೈಸನ್ ಅವರ ನಕ್ಷತ್ರದ ಕತೆ ಓದಿದ ಮೇಲೆ ಅದು ಹೇಗೆ ಎಂದು ನನಗೆ ಗೊತ್ತಾಯಿತು. ಅದಕ್ಕೇ ಈಗ ದಿನಾ ಸಾಯಂಕಾಲ ಅಜ್ಜಿಯ ಪಕ್ಕ ಕೂತು ಹೂ ಕಟ್ಟುತ್ತೇನೆ. ಅತ್ತೆಯ ಹೆಸರಿನಿಂದ ಕರೆದರೂ "ಏನಜ್ಜಿ?" ಅಂತ ಓಗೊಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ತಾತ ಇದ್ದರೆ ದಯವಿಟ್ಟು ನಗಬೇಡಿ. ಅವರು ಬೇಕಂತ ಮರೆಯುವುದಿಲ್ಲ.

– 7ನೇ ತರಗತಿಯ ವಿದ್ಯಾರ್ಥಿನಿ