ಜಲ್ಲಿಯ ಬಂಡೆ, ನೀರಿನ ಬಂಡೆ

ದೊಡ್ಡನೆಕ್ಕುಂದಿಯ ಹೊರವರ್ತುಲ ರಸ್ತೆಯುದ್ದಕ್ಕೂ ಎದ್ದು ನಿಂತ ಕಟ್ಟಡಗಳ ಕಾಂಕ್ರೀಟಿನಲ್ಲಿ ಜಲ್ಲಿಯದೇ ದೊಡ್ಡ ಪಾಲು. ಆ ಜಲ್ಲಿ ಬರುವುದು ಬೆಂಗಳೂರಿನ ಸುತ್ತಲಿನ ಕಲ್ಲು ಕ್ವಾರಿಗಳಿಂದ. ಇಲ್ಲಿನ ಕೊಳವೆ ಬಾವಿಗಳು ನೀರೆತ್ತುವುದೂ ಅದೇ ಜಾತಿಯ ಕಲ್ಲಿನಿಂದ. ಲಾಲ್‌ಬಾಗಿನ ಗುಡ್ಡದಲ್ಲಿ ನೆಲದ ಮೇಲೇ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಈ ಕಲ್ಲನ್ನು ಜಲ್ಲಿಯಾಗಿಸುವ ಕ್ರಷರ್ ಎಷ್ಟು ನೀರು ಬಳಸುತ್ತದೆ ಎಂದು ಕೇಳಿದರೆ, ದೂಳು ಅಡಗಿಸಲು ಚಿಮುಕಿಸುವ ಮತ್ತು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ತೊಳೆಯುವ ನೀರಿನ ಲೆಕ್ಕ ಸಿಗುತ್ತದೆ. ಆದರೆ ನಾವು ಮೊದಲು ಕೇಳಬೇಕಾದದ್ದು ಕ್ವಾರಿಯ ಗುಂಡಿಯ ಲೆಕ್ಕವನ್ನು.

ಗಟ್ಟಿ ನೈಸ್ ಕಲ್ಲಿನ ಒಡಲಲ್ಲಿ ನೀರಿಗೆ ಜಾಗವೇ ಇಲ್ಲವೆನ್ನಬಹುದು. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಹರಿಯುವುದು ಅದರ ಕೆಳಗಿನ ಸೀಳುಗಳಲ್ಲಿ. ಕ್ವಾರಿಯ ಕಡಿದಾದ ಗೋಡೆಯಲ್ಲಿ ಇದು ಚಿತ್ರ ಬರೆದಂತೆ ಕಾಣುತ್ತದೆ: ಮೇಲೆ ಕೆಮ್ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲು, ಆಮೇಲೆ ಬೂದುಬಣ್ಣದ ಬಂಡೆ. ಬಂಡೆಯ ಒಂದು ಸೀಳಿನಿಂದ ಬೇಸಿಗೆಯಲ್ಲೂ ಇಳಿಯುವ ಕಪ್ಪು ಒದ್ದೆ ಗೆರೆ, ಅದರಂಚಿಗೆ ಹಸಿರು ಪಾಚಿ. ಆ ಗೆರೆಯೇ ಅಂತರ್ಜಲ. ಹತ್ತು ಮೀಟರ್ ದಪ್ಪದ ಶಿಥಿಲ ಪದರದಲ್ಲಿ ಬಾವಿಗೆ ದಕ್ಕುವ ನೀರು ನೂರಕ್ಕೆ ಎರಡು ಪಾಲು ಎಂದು ಹಿಡಿದರೂ, ಒಂದು ಹೆಕ್ಟೇರಿನಲ್ಲಿ ಆ ಪದರವನ್ನು ಕೆರೆದು ತೆಗೆದರೆ 20 ಲಕ್ಷ ಲೀಟರ್ ಹಿಡಿಯುವ ತಾವು ಅಳಿಯುತ್ತದೆ. ಅದು 6,000 ಲೀಟರಿನ 333 ಟ್ಯಾಂಕರ್‌ಗಳಿಗೆ ಸಮ. ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಕೆಲಸ ನಡೆಯಬೇಕಾದರೆ ಪಂಪ್ ಓಡುತ್ತಲೇ ಇರಬೇಕು. ಅದೇ ಸೀಳಿಗೆ ಕೂಡಿಕೊಂಡ ಸುತ್ತಲಿನ ಬಾವಿಗಳ ನೀರು ಗುಂಡಿಯತ್ತ ಸರಿಯುತ್ತದೆ.

ತೊಳೆದ ನೀರನ್ನು ತಿಳಿಗೊಳಿಸಿ ಮತ್ತೆ ಬಳಸುತ್ತೇವಲ್ಲ ಎಂದು ಕ್ರಷರ್‌ನವರು ಹೇಳಬಹುದು. ಅದು ಒಳ್ಳೆಯ ಕೆಲಸವೇ, ಆದರೆ ಅದರಿಂದ ಗುಂಡಿಯ ಒಸರು ನಿಲ್ಲುವುದಿಲ್ಲ. ಮಳೆನೀರು ತುಂಬಿದ ಹಳೆಯ ಕ್ವಾರಿ ಕೆರೆಯಂತೆ ಅಂತರ್ಜಲ ಹೆಚ್ಚಿಸುತ್ತದೆ ಎಂಬ ಮಾತೂ ಇದೆ. ಕೆಲವು ಕಡೆ ಅಷ್ಟಿಷ್ಟು ನಿಜವಿರಬಹುದು. ಆದರೆ ನೀರು ಇಂಗಿಸುತ್ತಿದ್ದ ಮಣ್ಣು ಹೋಗಿದೆ, ತಳ ಗಟ್ಟಿ ಬಂಡೆ. ಬೆಂಗಳೂರಿನ ಬಿಸಿಲಿಗೆ ತೆರೆದ ನೀರು ವರ್ಷದಲ್ಲಿ ಆರುವ ಪ್ರಮಾಣ ಬೀಳುವ ಮಳೆಗಿಂತ ಹೆಚ್ಚು. ಸೀಳಿನೊಳಕ್ಕೆ ಇಳಿಯುವ ನೀರಿಗೂ ಮಣ್ಣಿನ ಸೋಸುವಿಕೆ ಸಿಗದು. ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಗಳ ಕ್ವಾರಿ ಗುಂಡಿಗಳಿಗೆ ನಗರದ ಕಸ ಸುರಿದದ್ದು ಆತಂಕ ಹುಟ್ಟಿಸುವುದು ಇದಕ್ಕಾಗಿಯೇ.

ಜಲ್ಲಿಯಿಲ್ಲದೆ ಊರು ಕಟ್ಟಲಾಗದು, ನಿಜ. ಕ್ವಾರಿ ಮುಚ್ಚಿ ಎಂಬುದು ಇಲ್ಲಿನ ವಾದವಲ್ಲ. ಅದನ್ನು ಬಾವಿಯೆಂದು ಎಣಿಸಿ ಎಂಬುದು. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಆರೂವರೆ ಇಂಚಿನ ಕೊಳವೆ ಬಾವಿಗೂ ಅನುಮತಿ ಬೇಕು. ಕೇಂದ್ರದ 2020ರ ಅಂತರ್ಜಲ ಮಾರ್ಗಸೂಚಿ ಗಣಿಗಳು ಹೊರಹಾಕುವ ನೀರನ್ನೂ ಲೆಕ್ಕಕ್ಕೆ ತಂದಿದೆ. ಗುತ್ತಿಗೆ ಕೊಡುವ ಮೊದಲೇ ಸುತ್ತಲಿನ ಬಾವಿಗಳ ಮಟ್ಟ ಅಳೆದು ಬರೆದಿಡಬೇಕು, ಪಂಪಿಗೆ ಮೀಟರ್ ಕೂರಿಸಬೇಕು, ಎತ್ತಿದ ನೀರನ್ನು ಚರಂಡಿಗೆ ಬಿಡದೆ ತಿಳಿಗೊಳಿಸಿ ಆ ಊರಿನ ಕೆರೆಗೇ ಹರಿಸಬೇಕು. ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಮತ್ತೆ ಜಲ್ಲಿಯಾಗಿಸಿದಷ್ಟೂ ಹೊಸ ಗುಂಡಿಯ ಅಗತ್ಯ ಕಡಿಮೆಯಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಅದಕ್ಕೆ ಕ್ವಾರಿಗಳೇ ಕಾರಣವೆನ್ನಲಾಗದು. ಆದರೆ ಬಂಡೆಯ ಸೀಳಿನಲ್ಲಿರುವ ನೀರು ಎಷ್ಟು ಕಡಿಮೆಯೆಂದು ಆ ಬೇಸಿಗೆ ತೋರಿಸಿತು. ಒಡೆದ ಬಂಡೆ ಮತ್ತೆ ಬೆಳೆಯುವುದಿಲ್ಲ. ಜಲ್ಲಿಯ ಬೆಲೆ ಕಟ್ಟುವಾಗ ಆ ಬಂಡೆ ಹಿಡಿದಿಟ್ಟಿದ್ದ ನೀರಿಗೂ ಬೆಲೆ ಕಟ್ಟುವುದೇ ನ್ಯಾಯ.