ಕೊಲ್ಲಿನಾಡಿಗೆ ಹೋದ ಮಕ್ಕಳ ವಿದ್ಯಾಭ್ಯಾಸ

ನಮ್ಮ ಕಟಪಾಡಿಯ ಸೀಮೆಯವರು ಜೀವನೋಪಾಯಕ್ಕಾಗಿ ಪರಸ್ಥಳಕ್ಕೆ ಹೋಗುವುದು ಹೊಸತಾದ ಸಂಗತಿಯಲ್ಲ. ಹಿಂದಿನ ತಲೆಮಾರಿನವರು ಮುಂಬಯಿಗೆ ಹೋದರು. ಇಂದಿನವರು ದುಬಾಯಿ, ಮಸ್ಕತ್, ಕುವೈತ್, ದೋಹಾಗಳಿಗೆ ಹೋಗುತ್ತಿರುವರು. ಆದರೆ ಮಕ್ಕಳ ಮಟ್ಟಿಗೆ ಈ ಎರಡು ಪ್ರಯಾಣಗಳಿಗೂ ಬಹಳ ಅಂತರವುಂಟು. ಮುಂಬಯಿಗೆ ಹೋದ ಹುಡುಗನಿಗೆ ಅಲ್ಲಿ ಕನ್ನಡ ಶಾಲೆ ದೊರೆಯುತ್ತಿತ್ತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದವನಿಗೆ ಕನ್ನಡದ ರಾತ್ರಿಶಾಲೆಯೂ ಇತ್ತು. ಕೊಲ್ಲಿನಾಡಿಗೆ ಹೋದ ಮಗುವಿಗಾದರೋ ಶಾಲೆ, ಭಾಷೆ, ಹವೆ, ಆಟದ ಬಯಲು ಎಲ್ಲವೂ ಒಂದೇ ದಿನ ಬದಲಾಗುವುವು. 2006ರಲ್ಲಿ ಮಂಗಳೂರಿನಿಂದ ದುಬಾಯಿಗೆ ನೇರವಾದ ವಿಮಾನ ಸಂಚಾರವು ಆರಂಭವಾದ ಮೇಲೆ ಹೆಂಡಿರುಮಕ್ಕಳನ್ನು ಕರೆದೊಯ್ಯುವುದು ಮತ್ತಷ್ಟು ಸುಲಭವಾಯಿತು. ದೇಹವು ನಾಲ್ಕು ಗಂಟೆಗಳೊಳಗೆ ಅಲ್ಲಿಗೆ ಮುಟ್ಟುವುದು. ಮನಸ್ಸು ಮುಟ್ಟುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಟಿಕೇಟು ತೆಗೆಯುವವರು ಯೋಚಿಸುವುದು ಕಡಮೆ.

ಮೊದಲನೆಯ ತೊಡಕು ಪಂಚಾಂಗದ್ದು. ನಮ್ಮ ಸರಕಾರಿ ಶಾಲೆಗಳಲ್ಲಿ ಏಪ್ರಿಲ್ ತಿಂಗಳಲ್ಲಿ ವರ್ಷ ಮುಗಿದು, ಮೇ ಕಡೆಯಲ್ಲಿಯೋ ಜೂನ್ ಮೊದಲಲ್ಲಿಯೋ ಹೊಸ ವರ್ಷ ತೊಡಗುವುದಷ್ಟೆ. ಯು.ಎ.ಇ.ಯ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಏಪ್ರಿಲಿನಲ್ಲಿಯೇ ಪಾಠ ಆರಂಭವಾಗುವುದು. ಹೀಗಾಗಿ ಇಲ್ಲಿ ಪರೀಕ್ಷೆ ಬರೆದ ಮಗು ಬೇಸಗೆಯ ರಜೆಯನ್ನೇ ಕಾಣದೆ, ಅಲ್ಲಿ ಆಗಲೇ ನಡೆಯುತ್ತಿರುವ ತರಗತಿಗೆ ಹೋಗಿ ಕುಳಿತುಕೊಳ್ಳುವುದು. ವರ್ಗಾವಣೆ ಪತ್ರಕ್ಕೆ ಅಧಿಕಾರಿಗಳ ಮೇಲುರುಜು ಮೊದಲಾದುವು ತಡವಾದರೆ ಇನ್ನೂ ಕೆಲವು ವಾರಗಳು ನಷ್ಟವಾಗುವುವು. ಆದುದರಿಂದ ಕಾಗದಪತ್ರಗಳ ಕೆಲಸವನ್ನು ಪರೀಕ್ಷೆಗಿಂತ ಮೊದಲೇ ವಿಚಾರಿಸಿಕೊಳ್ಳಬೇಕು. ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಎರಡನೆಯದು ಮೌನ. ಊರಿನಲ್ಲಿ ಅಂಗಳವೆಲ್ಲ ತುಂಬುವಂತೆ ಮಾತಾಡುತ್ತಿದ್ದ ಮಗು ಹೊಸ ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆಯದಿರುವುದುಂಟು. ನಮ್ಮಲ್ಲಿ ಕಲಿತ ಹುಡುಗಿಯೊಬ್ಬಳು ಈಗ ತಾಯಿಯಾಗಿ ಆ ಕಡೆಯ ಒಂದು ಪಟ್ಟಣದಲ್ಲಿರುವಳು. ಆಕೆ ಫೋನಿನಲ್ಲಿ, “ಮಾಷ್ಟ್ರೇ, ಮಗ ಕ್ಲಾಸಿನಲ್ಲಿ ಮಾತೇ ಆಡುವುದಿಲ್ಲವಂತೆ. ಮನೆಯಲ್ಲಿ ತುಳು ಬಿಟ್ಟು ಇಂಗ್ಲಿಷೇ ಮಾತಾಡಿ ಎಂದು ಅಲ್ಲಿನ ಟೀಚರು ಹೇಳಿದ್ದಾರೆ. ಬಿಡುವುದೋ?” ಎಂದು ಕೇಳಿದಳು. ಬಿಡಬೇಡವೆಂದೆವು. ಆ ಬಾಲಕನು ಸುಮ್ಮನಿರುವುದು ಜಡತ್ವದಿಂದಲ್ಲ, ಕಿವಿಯಿಂದ ಕೂಡಿಹಾಕುತ್ತಿರುವನು. ಸಂಸ್ಕೃತ ಪಾಠಶಾಲೆಯಲ್ಲಿ ನಾವೂ ಮೊದಲ ವರ್ಷ ಕೇಳಿದ್ದೇ ಹೆಚ್ಚು, ಆಡಿದ್ದು ಕಡಮೆ. ಕೆನಡಾ ದೇಶದ ವಿದ್ವಾಂಸ ಜಿಮ್ ಕಮಿನ್ಸ್ ಎಂಬವರು ವಲಸೆ ಬಂದ ಮಕ್ಕಳ ವಿಷಯದಲ್ಲಿ ತೋರಿಸಿಕೊಟ್ಟ ಸಂಗತಿಯೊಂದನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಆಟದ ಬಯಲಿನ ಮಾತುಕತೆಯ ಭಾಷೆ ಒಂದೆರಡು ವರ್ಷಗಳಲ್ಲಿ ಬರುವುದಂತೆ. ಪಾಠಪುಸ್ತಕದ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷಗಳೇ ಬೇಕಾಗುವುವಂತೆ. ಮಗು ಇಂಗ್ಲಿಷಿನಲ್ಲಿ ಚಟಪಟನೆ ಮಾತಾಡಿತೆಂದು ತಂದೆ ಬೀಗುವುದೂ, ಅದೇ ಮಗು ವಿಜ್ಞಾನದಲ್ಲಿ ಕಡಮೆ ಅಂಕ ತಂದಿತೆಂದು ಗದರಿಸುವುದೂ ಈ ಭೇದವನ್ನು ತಿಳಿಯದುದರಿಂದಲೇ. ಇನ್ನು ತಾಯಿಯು ತನಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನೊಡನೆ ಹರಕುಮುರುಕಾಗಿ ಆಡಿದರೆ, ಶಾಲೆಯಲ್ಲಿ ಏನಾಯಿತೆಂದು ಬಿಚ್ಚಿ ಹೇಳುವುದಕ್ಕೆ ಅದಕ್ಕೆ ಮನೆಯಲ್ಲಿಯೂ ಭಾಷೆ ಇಲ್ಲದಂತಾಗುವುದು.

ಕನ್ನಡ ಮಾಧ್ಯಮದಲ್ಲಿ ನಾಲ್ಕೈದು ತರಗತಿ ಓದಿ ಹೋದ ಮಕ್ಕಳ ಕಷ್ಟ ಬೇರೆ. ಅವರಿಗೆ ಲೆಕ್ಕ ಗೊತ್ತುಂಟು, ಹೆಸರು ಗೊತ್ತಿಲ್ಲ. ಲ.ಸಾ.ಅ. ತೆಗೆಯಬಲ್ಲ ಹುಡುಗನು ಎಲ್.ಸಿ.ಎಂ. ಎಂದೊಡನೆ ತಬ್ಬಿಬ್ಬಾಗುವನು. ಅಂಶ, ಛೇದಗಳನ್ನು ಬಲ್ಲವನಿಗೆ ನ್ಯೂಮರೇಟರ್, ಡಿನಾಮಿನೇಟರ್ ಎಂದರೆ ಯಾವುದೋ ಯಂತ್ರದ ಭಾಗಗಳೆಂದು ತೋರುವುದು. ಹೊರಡುವುದಕ್ಕೆ ಮೊದಲು ಒಂದು ನೋಟುಪುಸ್ತಕದಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷು ಪದ ಹೀಗೆ ಗಣಿತ ವಿಜ್ಞಾನಗಳ ಇನ್ನೂರು ಪದಗಳನ್ನು ಮಗುವಿನ ಕೈಯಿಂದಲೇ ಬರೆಯಿಸಿರಿ. ಇದರಲ್ಲೊಂದು ಸ್ವಾರಸ್ಯವೂ ಉಂಟು. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವಿಕೆ. ಫೋಟೋಸಿಂಥೆಸಿಸ್ ಎಂಬ ಗ್ರೀಕ್ ಮೂಲದ ಶಬ್ದವನ್ನು ಬಿಡಿಸಿದರೂ ಅದೇ ಬೆಳಕು, ಅದೇ ಕೂಡಿಸುವಿಕೆ. ತಾನು ಕಲಿತುದು ವ್ಯರ್ಥವಾಗಲಿಲ್ಲವೆಂದು ಮಗುವಿಗೆ ಆಗ ಧೈರ್ಯ ಬರುವುದು.

ಯು.ಎ.ಇ.ಯ ಶಾಲೆಗಳಲ್ಲಿ ಅರಬ್ಬೀ ಭಾಷೆಯೂ ಕಡ್ಡಾಯ. ಬಲದಿಂದ ಎಡಕ್ಕೆ ಬರೆಯುವುದು, ಪದದ ಆದಿ ಮಧ್ಯ ಅಂತ್ಯಗಳಲ್ಲಿ ಅಕ್ಷರದ ರೂಪ ಬದಲಾಗುವುದು ಇವನ್ನು ಕಂಡು ದೊಡ್ಡವರೇ ಹೆದರುವರು. ಕಾಗುಣಿತ ಒತ್ತಕ್ಷರಗಳನ್ನು ಕಲಿತ ಮಗುವಿಗೆ ಇಪ್ಪತ್ತೆಂಟು ಅಕ್ಷರಗಳು ಯಾವ ಲೆಕ್ಕ? ಮದ್ರಸದಲ್ಲಿ ಆಗಲೇ ಆ ಲಿಪಿಯನ್ನು ಓದಿರುವ ನಮ್ಮೂರ ಬ್ಯಾರಿ ಮಕ್ಕಳಿಗಂತೂ ಇದೊಂದು ಅನುಕೂಲವೇ. ನೆರೆಮನೆಯಲ್ಲಿ ಅಂಥವರಿದ್ದರೆ ಜೊತೆಯಲ್ಲಿ ಕೂರಿಸಿರಿ. ಗೆಳೆತನವೂ ಆಗುವುದು.

ಆಟಪಾಟಗಳ ವಿಷಯಕ್ಕೆ ಬರೋಣ. ಮಟ್ಟುವಿನ ಕಡಲ ತೀರದಲ್ಲಿ ಓಡಿದ ಮಗುವನ್ನು ಬಹುಮಹಡಿ ಕಟ್ಟಡದ ಎರಡು ಕೋಣೆಗಳಲ್ಲಿ ಇಟ್ಟ ಮೇಲೆ, ಹೊರಗೆ ಬೇಸಗೆಯ ಬಿಸಿಲು ನಲವತ್ತೈದು ಡಿಗ್ರಿಗೆ ಏರುವ ಊರಿನಲ್ಲಿ, ಏನಾದರೊಂದು ಚಟುವಟಿಕೆ ಬೇಕೆಂಬುದು ನಿಜ. ಆದರೆ ಸೋಮವಾರ ಈಜು, ಮಂಗಳವಾರ ಕರಾಟೆ, ಬುಧವಾರ ಕೀಬೋರ್ಡು ಎಂದು ಮೊದಲ ತಿಂಗಳಲ್ಲೇ ಹೇರುವುದು ಸರಿಯಲ್ಲ. ಎರಡು ಸಾಕು: ಊರಿನಿಂದಲೇ ತಂದ ಒಂದು, ಅಲ್ಲಿಯದೊಂದು. ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಬಲ್ಲ ಮಗುವಿಗೆ ದುಬಾಯಿಯಲ್ಲಿಯೇ ಯಕ್ಷಗಾನ ಅಭ್ಯಾಸ ಕೇಂದ್ರವಿದೆ. ಅಲ್ಲಿ ಕಲಿತ ಮಕ್ಕಳು ವೇಷ ಕಟ್ಟಿ ರಂಗಕ್ಕೆ ಬರುವರು. ತರಗತಿಯಲ್ಲಿ ಹಿಂದುಳಿದ ಮಗುವಿಗೆ ತಾನು ಮುಂದಿರುವ ಸ್ಥಳವೊಂದು ವಾರಕ್ಕೊಮ್ಮೆಯಾದರೂ ದೊರೆಯಬೇಡವೆ? ಶಂಕರಪುರದ ಮನೆಯ ಹುಡುಗಿಗೆ ಮಲ್ಲಿಗೆ ಕಟ್ಟುವ ಬೆರಳ ಜಾಣತನವಿದ್ದರೆ ಅದನ್ನಾದರೂ ನಾಲ್ಕು ಜನರೆದುರು ತೋರಿಸಲು ಬಿಡಿರಿ.

ಎಲ್ಲಕ್ಕಿಂತ ಮುಖ್ಯವಾದುದು, ಹೆಚ್ಚಿನವರ ಗಮನಕ್ಕೆ ಬಾರದುದು, ಕನ್ನಡದ ಪ್ರಶ್ನೆ. “ನಾವು ಮನೆಯಲ್ಲಿ ಊರಿನ ಭಾಷೆಯನ್ನು ಬಿಟ್ಟಿಲ್ಲ” ಎಂದು ಹೋದವರು ಹೆಮ್ಮೆಯಿಂದ ಹೇಳುವರು. ಆ ಭಾಷೆ ತುಳು, ಕೊಂಕಣಿ ಅಥವಾ ಬ್ಯಾರಿ. ನಮ್ಮ ಸೀಮೆಯ ಹಲವು ಮನೆಗಳಲ್ಲಿ ಕನ್ನಡವು ಒಲೆಯ ಬದಿಯ ಭಾಷೆಯಲ್ಲ, ಶಾಲೆಯ ಭಾಷೆ. ಶಾಲೆ ತಪ್ಪಿದೊಡನೆ ಕನ್ನಡವೂ ತಪ್ಪುವುದು. ಮನೆಯಲ್ಲಿ ತುಳು ಉಳಿದಿರುವುದರಿಂದ ಕನ್ನಡ ಹೋದದ್ದೇ ಗೊತ್ತಾಗುವುದಿಲ್ಲ.

ಹೋದರೇನು ಎಂದು ಕೇಳಬಹುದು. ಕೊಲ್ಲಿನಾಡು ಸಾಮಾನ್ಯ ನೌಕರನಿಗೆ ನೆಲೆಯೂರುವ ನಾಡಲ್ಲ. ಕೆಲಸವಿದ್ದಷ್ಟು ದಿನ ವಾಸ. ಅದು ತೀರಿದರೆ ಮರಳಬೇಕು, ಕೆಲವೊಮ್ಮೆ ವರ್ಷದ ನಡುವೆಯೇ. 1990ರ ಆಗಸ್ಟ್ 2ರಂದು ಇರಾಕವು ಕುವೈತನ್ನು ಆಕ್ರಮಿಸಿದಾಗ 1,70,000ಕ್ಕೂ ಮಿಕ್ಕಿ ಭಾರತೀಯರನ್ನು ಕೆಲವೇ ವಾರಗಳಲ್ಲಿ ವಿಮಾನಗಳಲ್ಲಿ ಕರೆತರಬೇಕಾಯಿತು. ಆಗ ನಾವು ಹೊಸದಾಗಿ ಅಧ್ಯಾಪಕರಾಗಿದ್ದೆವು. ಉಟ್ಟ ಬಟ್ಟೆಯಲ್ಲಿ ಬಂದ ಮಕ್ಕಳು ಬೆಂಚಿನ ತುದಿಯಲ್ಲಿ ಕುಳಿತು, ಕರಿಹಲಗೆಯ ಮೇಲಿನ ಕನ್ನಡವನ್ನು ಚಿತ್ರವನ್ನು ನೋಡುವಂತೆ ನೋಡುತ್ತಿದ್ದುದು ಈಗಲೂ ಕಣ್ಣಮುಂದಿದೆ. 2020ರ ಮೇ ತಿಂಗಳಲ್ಲಿ ಮಹಾಮಾರಿಯ ಕಾಲದ ವಿಮಾನಗಳು ಮಂಗಳೂರಿಗೆ ಬಂದಾಗಲೂ ಇಂತಹ ಮಕ್ಕಳು ಬಂದರು. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತಹಂತವಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಕಾಯಿದೆಯು ವಿಧಿಸಿದೆ. ಎಂಟನೆಯ ತರಗತಿಗೆ ಬಂದು ಸೇರುವ, ತುಳುವಿನಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗನು ಅ ಆ ಇ ಈ ತಿದ್ದಬೇಕಾದ ಸ್ಥಿತಿ ಅವನಿಗೆಷ್ಟು ನಾಚಿಕೆಯದೆಂದು ಊಹಿಸಿರಿ. ಹೋಗುವಾಗ ಆರು ವರ್ಷದ ಮಗುವಿಗೆ ಇದ್ದ ಭಯವು ಬರುವಾಗ ಹದಿಮೂರರ ವಯಸ್ಸಿನಲ್ಲಿ ಇಮ್ಮಡಿಯಾಗಿರುವುದು.

ಉಪಾಯ ದೊಡ್ಡದೇನಲ್ಲ. ದಿನಕ್ಕೆ ಹದಿನೈದು ನಿಮಿಷ ಕನ್ನಡ ಓದಲಿ, ಐದು ಸಾಲು ಬರೆಯಲಿ. ದುಬಾಯಿಯಲ್ಲಿರುವವರಿಗೆ ಕನ್ನಡ ಮಿತ್ರರೆಂಬ ಬಳಗದವರು ನಡೆಸುವ ಉಚಿತ ಕನ್ನಡ ಪಾಠಶಾಲೆಯಿದೆ; ವಾರದ ರಜೆಯಲ್ಲಿ ಪಾಠ ನಡೆಯುವುದು. ಬೇರೆ ಊರುಗಳಲ್ಲಿರುವವರು ಇಲ್ಲಿಯ ತರಗತಿಯ ಪಾಠಪುಸ್ತಕವನ್ನೇ ಪೆಟ್ಟಿಗೆಯಲ್ಲಿ ಒಯ್ಯಲಿ. ಊರಿನಲ್ಲಿ ರಾತ್ರಿ ಎಂಟಾದಾಗ ಯು.ಎ.ಇ.ಯಲ್ಲಿ ಆರೂವರೆ. ಆ ಹೊತ್ತಿಗೆ ಅಜ್ಜನು ಫೋನಿನಲ್ಲಿ ಮೊಮ್ಮಗಳಿಂದ ಒಂದು ಪುಟ ಓದಿಸಿ ಕೇಳಬಹುದು; ಕಣ್ಣು ಮಂಜಾದ ಅಜ್ಜನಿಗೂ ಅದು ಉಪಕಾರವೇ.

ಇನ್ನೊಂದು ಸಲಹೆ. ಅಲ್ಲಿಯ ಶಾಲೆಗಳಿಗೆ ಜುಲೈ ಆಗಸ್ಟಿನಲ್ಲಿ ದೀರ್ಘ ರಜೆ. ಮಕ್ಕಳು ಊರಿಗೆ ಬರುವುದು ಆಟಿಯ ಮಳೆಯಲ್ಲಿ. ಹಳೆಯ ಗೆಳೆಯರೆಲ್ಲ ಶಾಲೆಯಲ್ಲಿರುವರು. ಮನೆಯಲ್ಲಿ ಕುಳಿತು ಬೇಸರಪಡುವ ಬದಲು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಕೆಲವು ದಿನ ಹಳೆಯ ತರಗತಿಯಲ್ಲಿ ಕುಳಿತುಕೊಳ್ಳಲು ಕಳುಹಿಸಬಹುದು. ನಮ್ಮ ಕಾಲದಲ್ಲಿ ಹಾಗೆ ಬಂದವರಿಗೆ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿರಲಿಲ್ಲ. ಬೆಂಚಿನಲ್ಲಿ ಮಾತ್ರ ಗೆಳೆಯರು ಸರಿದು ಸ್ಥಳ ಮಾಡಿಕೊಡುತ್ತಿದ್ದರು.